ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯಿತು

ಹೋದ ತಿಂಗಳು ಈ ಅಂಕಣದಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ತುಮಕೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಲೋಹ ಕೊರೆಯುವ ಫೈಬರ್ ಲೇಸರ್ ಮೆಷಿನ್ ಇಟ್ಟುಕೊಂಡು, ಮೊಮ್ಮಕ್ಕಳ ಚೌಕಾಬಾರಕ್ಕೆ ಆನೆ ಚಿತ್ರದ ಪ್ಲಾಸ್ಟಿಕ್ ಕಾಯಿ ಮಾಡುವ ಅಚ್ಚು ಕೊರೆದೆ ಅಂತ. ಅಷ್ಟಕ್ಕೇ ಇಷ್ಟೊಂದು ಕಾಗದ ಬಂದಿದೆ. ಮಿಕ್ಸಿ, ಮೋಟರ್ ರಿಪೇರಿಯ ಪ್ರಶ್ನೆ ಕಳಿಸಿದವರು ಈ ಸಲ ಕ್ಷಮಿಸಬೇಕು.

ಪ್ರಶ್ನೆ: ನಾನು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಕೊಡುತ್ತೇನೆ. 30 ವ್ಯಾಟಿನ ಫೈಬರ್ ಲೇಸರ್ ಇದೆ. ಇದೇ ಮೆಷಿನ್ನಿನಲ್ಲಿ ಇಂಜೆಕ್ಷನ್ ಅಚ್ಚು ಮಾಡಬಹುದಾ ಸರ್? — ಗೌರಿಬಿದನೂರಿನ ಓದುಗರು

ಮಾಡಬಹುದು. ಇಂಜೆಕ್ಷನ್ ಅಚ್ಚು ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ನುಗ್ಗಿಸುವ ಅಚ್ಚು. ನನ್ನದೂ 30 ವ್ಯಾಟೇ. ನೀವು ತಟ್ಟೆಯ ಹಿಂದೆ ಹೆಸರು ಹಾಕುವಾಗ ಬೆಳಕು ಒಂದೋ ಎರಡೋ ಸಲ ಓಡಿ ಸುಮ್ಮನಾಗುತ್ತೆ. ಅಚ್ಚಿಗೆ ಅದೇ ಜಾಗದಲ್ಲಿ ನೂರಾರು ಸಲ ಓಡಬೇಕು. ಒಂದೊಂದು ಸಲಕ್ಕೂ ಕೆಲವೇ ಮೈಕ್ರಾನ್ ಲೋಹ ಹಾರಿಹೋಗುತ್ತೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರ ಜೊತೆ ಹೋಲಿಸಿಕೊಳ್ಳಿ.

ನನ್ನ ಆನೆಯ ಲೆಕ್ಕ ಹೇಳುತ್ತೇನೆ. ಕಾಯಿ 22 ಮಿ.ಮೀ. ಅಗಲ. ಆನೆಯ ಹೊಟ್ಟೆ ಹತ್ತಿರ ಆಳ 1.2 ಮಿ.ಮೀ. ಚಿತ್ರ ಕಪ್ಪು ಬಿಳುಪಿನದು, ಅದರಲ್ಲಿ 256 ಛಾಯೆ. ಸಾಫ್ಟ್‌ವೇರ್ ಒಂದೊಂದು ಛಾಯೆಯನ್ನೂ ಒಂದೊಂದು ಪದರ ಮಾಡುತ್ತೆ. ಅಂದರೆ ಪದರಕ್ಕೆ ಹೆಚ್ಚುಕಡಿಮೆ 5 ಮೈಕ್ರಾನ್. ಕಪ್ಪಿದ್ದಲ್ಲಿ ಎಲ್ಲ ಪದರವೂ ಕೊರೆಯುತ್ತೆ, ಬಿಳಿ ಇದ್ದಲ್ಲಿ ಮುಟ್ಟುವುದೇ ಇಲ್ಲ. ಹಿತ್ತಾಳೆ ಬಿಲ್ಲೆಯಲ್ಲಿ ಎರಡೂವರೆ ಗಂಟೆ ಹಿಡಿಯಿತು. ಗೆರೆ ಎಳೆಯುವ ದಿಕ್ಕನ್ನು ಪದರದಿಂದ ಪದರಕ್ಕೆ ತಿರುಗಿಸಿ. ಒಂದೇ ದಿಕ್ಕಿಗೆ ಬಿಟ್ಟರೆ ತಳದಲ್ಲಿ ಉತ್ತ ಹೊಲದ ಹಾಗೆ ಸಾಲು ಬೀಳುತ್ತೆ. ಆಳ ಹೋದಂತೆ ಲೇಸರಿನ ತಲೆಯನ್ನೂ ಅಷ್ಟಷ್ಟೇ ಇಳಿಸಿ, ಇಲ್ಲದಿದ್ದರೆ ಫೋಕಸ್ ತಪ್ಪುತ್ತೆ. ಒಂದು ಯುಪಿಎಸ್ ಇರಲಿ. ನನಗೆ 140ನೇ ಪದರದಲ್ಲಿ ಕರೆಂಟ್ ಹೋಗಿತ್ತು. ಬಿಲ್ಲೆ ಅಲ್ಲಾಡಿರಲಿಲ್ಲ, ಪದರದ ನಂಬರ್ ಚೀಟಿಯಲ್ಲಿ ಬರೆದಿಟ್ಟಿದ್ದೆ, ಅದಕ್ಕೇ ಬಚಾವಾದೆ.

ನಾನು ಪೀಣ್ಯದ ಟೂಲ್ ರೂಮಿನಲ್ಲಿ ಇಪ್ಪತ್ತೇಳು ವರ್ಷ ಡೈ ಮೇಕರ್, ಅಂದರೆ ಅಚ್ಚು ಮಾಡುವವನು, ಆಗಿದ್ದವನು. ಅಲ್ಲಿ ಇಂಥ ಆನೆ ಬೇಕೆಂದರೆ ಮೊದಲು ತಾಮ್ರದಲ್ಲಿ ಆನೆ ಮಾಡಬೇಕಿತ್ತು. ಆಮೇಲೆ ಅದನ್ನು ಸ್ಪಾರ್ಕ್ ಮೆಷಿನ್ನಿಗೆ ಕಟ್ಟಿ, ಎಣ್ಣೆಯೊಳಗೆ ಕಿಡಿ ಹಾರಿಸಿ, ಉಕ್ಕನ್ನು ತಿನ್ನಿಸಬೇಕು. ಸೋವಿಯತ್ ದೇಶದ ಲಜರೆಂಕೊ ದಂಪತಿ 1943ರಲ್ಲಿ ತೋರಿಸಿಕೊಟ್ಟ ವಿದ್ಯೆ ಅದು. ಈಗಲೂ ಆಳವಾದ, ಚೂಪು ಮೂಲೆಯ ಕೆಲಸಕ್ಕೆ ಅದೇ ಬೇಕು. ಆದರೆ ಒಂದೂವರೆ ಮಿಲಿಮೀಟರಿನೊಳಗಿನ ಚಿತ್ರದ ಕೆಲಸಕ್ಕೆ ಲೇಸರ್ ಮುಂದೆ ಅದು ಎತ್ತಿನಗಾಡಿ. ಆನೆಯ ಕಣ್ಣು ಒಂದಕ್ಕೇ ತಾಮ್ರದಲ್ಲಿ ಅರ್ಧ ದಿನ ಹೋಗುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಲೇಸರ್ ಕೊರೆಯುವುದು ಚಿತ್ರವನ್ನು, ಅಚ್ಚನ್ನಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಜೋಡಿ ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಎರಡು ಹೋಳು. ಮೇಲೆ ಪಾಕ ಹುಯ್ಯುವ ತೂತು. ಹೋಳುಗಳು ಸರಿಯಾಗಿ ಕೂರದಿದ್ದರೆ ಗಿಣಿಯ ಬೆನ್ನಿಗೆ ಸಕ್ಕರೆಯ ರೆಕ್ಕೆ. ಕೆತ್ತಿದ್ದು ಒಳಗೆ ಅಗಲವಾಗಿ ಬಾಯಲ್ಲಿ ಕಿರಿದಾದರೆ ಗಿಣಿಯ ಕತ್ತು ಮುರಿಯುತ್ತೆ. ಪ್ಲಾಸ್ಟಿಕ್ಕಿಗೂ ಇದೇ ಕಥೆ. ಪಾಕ ತಾನಾಗಿ ಇಳಿಯುತ್ತೆ, ಪ್ಲಾಸ್ಟಿಕ್ಕನ್ನು ಒತ್ತಡ ಹಾಕಿ ನುಗ್ಗಿಸಬೇಕು, ವ್ಯತ್ಯಾಸ ಅಷ್ಟೇ.

ಹಾಗಾಗಿ ನಿಮಗೆ ಬೇಕಾದ್ದು: 12 ಮಿ.ಮೀ. ದಪ್ಪದ ಎರಡು ಹಿತ್ತಾಳೆ ಬಿಲ್ಲೆ, ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದ್ದು, ಅಂದರೆ ಮೈಯನ್ನು ಸಮತಟ್ಟಾಗಿ ಸಾಣೆ ಹಿಡಿಸಿದ್ದು. ಎರಡೂ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರಲು ಎರಡು ಡೋವೆಲ್ ಪಿನ್ನು. ಪ್ಲಾಸ್ಟಿಕ್ ಇಳಿಯಲು ಓರೆಯಾಗಿ ರೀಮರ್ ಹೊಡೆದ ಸ್ಪ್ರೂ ತೂತು. ಅಲ್ಲಿಂದ ಕಾಯಿಯ ತನಕ ಸಣ್ಣ ಕಾಲುವೆ, ಕಾಯಿಯ ಬಾಯಲ್ಲಿ 1 ಮಿ.ಮೀ. ಅಗಲದ ಗೇಟ್. ಗಟ್ಟಿಯಾದ ಕಾಯಿಯನ್ನು ಹೊರಗೆ ತಳ್ಳಲು ಎಜೆಕ್ಟರ್ ಪಿನ್ನು. ಪ್ಲಾಸ್ಟಿಕ್ ಕರಗಿಸಿ ತಳ್ಳಲು ಕೈಯಲ್ಲಿ ಎಳೆಯುವ ಬೆಂಚ್ ಮೆಷಿನ್ ಸಾಕು. ತೂತುಗಳನ್ನೆಲ್ಲ ಡ್ರಿಲ್ಲಿನಲ್ಲೇ ಹಾಕಿ. 12 ಮಿ.ಮೀ. ದಪ್ಪವನ್ನು ಪೂರ್ತಿ ತೂರುವ ತೂತಿಗೆ ಈ ಲೇಸರ್ ಸೂಜಿಯಲ್ಲಿ ಬಾವಿ ತೋಡಿದ ಹಾಗೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ನಂದಿಬೆಟ್ಟದ ಕೀಚೈನ್‌ಗೆ ಹಿತ್ತಾಳೆಯಲ್ಲಿ ಅಚ್ಚು ಕೊರೆದು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹಾಕಿದೆ. ಪೀಸ್ ಹೊರಗೆ ಬರುತ್ತಿಲ್ಲ. ಸುತ್ತ ಹಪ್ಪಳದಂಥ ಅಂಚು. ಒಂದು ಮೂಲೆ ಕಪ್ಪಗೆ ಸುಟ್ಟಿದೆ. ಮೂರೂ ಒಟ್ಟಿಗೇ! — ಚಿಕ್ಕಬಳ್ಳಾಪುರದ ವಿದ್ಯಾರ್ಥಿ

ಮೂರೂ ಒಟ್ಟಿಗೇ ಬಂದಿದ್ದು ಒಳ್ಳೆಯದಾಯಿತಪ್ಪ, ಒಂದೇ ದಿನ ಕಲಿಯಬಹುದು. ನನ್ನ ಮೊದಲ ಆನೆಯೂ ಹೀಗೇ. ಎಜೆಕ್ಟರ್ ಒತ್ತಿದೆ, ಕಾಯಿ ಚಟ್ ಅಂತ ಬಂತು, ಸೊಂಡಿಲು ಒಳಗೇ ಉಳಿಯಿತು. ಆ ಒಂದು ಸೊಂಡಿಲು ಕೀಳಲು ಸೂಜಿ ಹಿಡಿದು ಮುಕ್ಕಾಲು ಗಂಟೆ ಕೂತಿದ್ದೆ.

ಆಮೇಲೆ ವಾಚ್ ರಿಪೇರಿಯವರ ಮಸೂರ ಕಣ್ಣಿಗೆ ಹಾಕಿಕೊಂಡು ನೋಡಿದೆ. ಸೊಂಡಿಲಿನ ಗೋಡೆ ಬರಿಗಣ್ಣಿಗೆ ನುಣ್ಣಗಿತ್ತು. ಮಸೂರದಲ್ಲಿ ನೋಡಿದರೆ ರವೆ ಅಂಟಿದ ಹಾಗೆ ಸಣ್ಣ ಸಣ್ಣ ಲೋಹದ ಹರಳು. ಲೇಸರ್ ಕರಗಿಸಿದ ಹಿತ್ತಾಳೆ ಎಲ್ಲವೂ ಹಾರಿಹೋಗುವುದಿಲ್ಲ. ಸ್ವಲ್ಪ ಗೋಡೆಗೇ ಮೆತ್ತಿಕೊಂಡು ಗಟ್ಟಿಯಾಗುತ್ತೆ. ಬಿಸಿ ಪ್ಲಾಸ್ಟಿಕ್ ಒಂದೊಂದು ಹರಳಿನ ಹಿಂದೆಯೂ ನುಗ್ಗಿ, ತಣ್ಣಗಾಗಿ, ಕೊಕ್ಕೆ ಹಾಕಿಕೊಳ್ಳುತ್ತೆ. ಎಳೆದರೆ ಎಲ್ಲಿಂದ ಬರಬೇಕು?

ಪರಿಹಾರ ಹೀಗೆ. ಇಪ್ಪತ್ತು ಪದರಕ್ಕೊಮ್ಮೆ ಶಕ್ತಿ ಕಡಿಮೆ ಮಾಡಿ, ವೇಗ ಜಾಸ್ತಿ ಮಾಡಿ, ಒಂದು ತೊಳೆಯುವ ಓಟ ಓಡಿಸಿ. ಕೊನೆಗೆ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಬಿದಿರು ಕಡ್ಡಿಯ ತುದಿ ಚೂಪು ಮಾಡಿ, ಪಾಲಿಶ್ ಪೇಸ್ಟ್ ಹಚ್ಚಿ, ಗೋಡೆ ಗೋಡೆಯನ್ನೂ ತೀಡಿ. ಪ್ಲಾಸ್ಟಿಕ್ ಹೊರಗೆ ಬರುವ ದಿಕ್ಕಿಗೇ ತೀಡಬೇಕು, ಅಡ್ಡಡ್ಡ ಅಲ್ಲ. ಬೇಸರದ ಕೆಲಸ. ನನಗೆ ಕೊರೆದದ್ದಕ್ಕಿಂತ ತೀಡಿದ್ದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಚಿತ್ರ ಬರೆಯುವಾಗಲೂ ಗೋಡೆ ನೆಟ್ಟಗೆ ಇಡಬೇಡಿ, ಮೂರು ಡಿಗ್ರಿಯಾದರೂ ಹೊರಗೆ ಓರೆ ಇರಲಿ. ನೆಟ್ಟ ಗೋಡೆಯ ಸೇರು ಒಂದರೊಳಗೊಂದು ಸಿಕ್ಕಿಕೊಳ್ಳುತ್ತೆ, ಬಾಯಿ ಅಗಲದ ಲೋಟ ಸಿಕ್ಕಿಕೊಳ್ಳಲ್ಲ, ಅಲ್ವಾ? ಅದೇ ಲೆಕ್ಕ.

ಹಪ್ಪಳದಂಥ ಅಂಚಿಗೆ ನಾವು ಫ್ಲ್ಯಾಶ್ ಅನ್ನುತ್ತೇವೆ. ಕೊರೆದ ಗುಳಿಯ ಬಾಯಿ ಸುತ್ತ ಬೆರಳಾಡಿಸಿ ನೋಡಿ, ಸಣ್ಣ ದಡ ಎದ್ದಿರುತ್ತೆ. ಅದೂ ಲೇಸರ್ ಉಗುಳಿದ್ದೇ. ಆ ದಡ ಎರಡು ಹೋಳನ್ನೂ ದೂರ ಹಿಡಿದಿದೆ. ದಪ್ಪ ಗಾಜಿನ ಮೇಲೆ 600ರ ಎಮರಿ ಪೇಪರ್ ಹಾಸಿ, ಬಿಲ್ಲೆ ಬೋರಲು ಹಾಕಿ, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ. ಆಮೇಲೆ ಒಂದು ಹೋಳಿಗೆ ತೆಳ್ಳಗೆ ಬ್ಲೂ (ಗುರುತು ನೋಡುವ ನೀಲಿ ಪೇಸ್ಟ್) ಸವರಿ ಇನ್ನೊಂದನ್ನು ಒತ್ತಿ ತೆಗೆಯಿರಿ. ಗುಳಿಯ ಸುತ್ತ ಎಲ್ಲೆಲ್ಲಿ ನೀಲಿ ಹತ್ತಿಲ್ಲವೋ ಅಲ್ಲೆಲ್ಲ ಪ್ಲಾಸ್ಟಿಕ್ ಸೋರುತ್ತೆ. ಬ್ಲೂ ನೋಡದೆ ಅಚ್ಚು ಮುಚ್ಚಿದರೆ ನಮ್ಮ ಮೇಸ್ತ್ರಿ ಕೈಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು, ಮೂವತ್ತು ವರ್ಷದವನಿಗೂ!

ಕಪ್ಪು ಮೂಲೆ ಗಾಳಿಯ ಕೆಲಸ. ಪ್ಲಾಸ್ಟಿಕ್ ರಭಸದಿಂದ ನುಗ್ಗುವಾಗ ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು? ಕೊನೆಯ ಮೂಲೆಯಲ್ಲಿ ಸಿಕ್ಕಿಕೊಂಡು, ಒತ್ತಿಸಿಕೊಂಡು, ಕಾದು, ಪ್ಲಾಸ್ಟಿಕ್ಕನ್ನೇ ಸುಡುತ್ತೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಗೊತ್ತಲ್ಲ, ಹಾಗೆ. ಆ ಮೂಲೆಯಿಂದ ಬಿಲ್ಲೆಯ ಅಂಚಿನ ತನಕ 0.02 ಮಿ.ಮೀ. ಆಳದ ಪಟ್ಟಿ ಕೊರೆಯಿರಿ. ಗಾಳಿ ಹೋಗುತ್ತೆ, ಪಿಪಿ ಹೋಗಲ್ಲ. ಲೇಸರಿಗೆ ಇದು ನಾಲ್ಕೈದು ಓಟದ ಕೆಲಸ. ಮುಂಚೆ ಇದನ್ನು ಅರದಲ್ಲಿ ಅಂದಾಜಿಗೆ ಉಜ್ಜಿ, ಜಾಸ್ತಿಯಾಗಿ, ಬೈಸಿಕೊಳ್ಳುತ್ತಿದ್ದೆವು. ಈ ಮೆಷಿನ್ ಕೊಂಡಿದ್ದಕ್ಕೆ ನನಗೆ ನಿಜವಾಗಿ ಖುಷಿಯಾದದ್ದು ಆನೆಗಲ್ಲ, ಈ ಗಾಳಿ ಪಟ್ಟಿಗೆ.

ಪ್ರಶ್ನೆ: ತಾತನ ಫೋಟೊ ಕಳಿಸಿದ್ದೇನೆ. ಅದರಿಂದ ನೇರವಾಗಿ ಅಚ್ಚು ಕೊರೆಯಬಹುದಾ? — ಮಾಲೂರಿನ ಓದುಗರು

ನಿಮ್ಮ ತಾತನ ಮೀಸೆ ಬಹಳ ಚೆನ್ನಾಗಿದೆ, ತೊಂದರೆಯೂ ಅದರದ್ದೇ. ಮೆಷಿನ್ನಿಗೆ ಫೋಟೊ ಅರ್ಥವಾಗಲ್ಲ. ಅದು ಕಪ್ಪು ಅಂದರೆ ಆಳ, ಬಿಳಿ ಅಂದರೆ ಎತ್ತರ ಅಂತಷ್ಟೇ ತಿಳಿಯುತ್ತೆ. ಕಪ್ಪು ಮೀಸೆಯ ಜಾಗದಲ್ಲಿ ಅಚ್ಚಿನಲ್ಲಿ ಬಾವಿ ಬೀಳುತ್ತೆ, ಪ್ಲಾಸ್ಟಿಕ್ ಅದರೊಳಗೆ ತುಂಬಿ ಮೀಸೆ ಮೂಗಿಗಿಂತ ಮುಂದೆ ಬರುತ್ತೆ. ಬೆಳಕು ಬಿದ್ದ ಹಣೆ ಒಳಗೆ ಹೋಗುತ್ತೆ. ತಿರುವುಮುರುವು ಮಾಡಿದರೆ ಹಣೆ ಬುರುಡೆಯ ಹಾಗೆ ಉಬ್ಬಿ, ಮೀಸೆ ಹಳ್ಳಕ್ಕೆ. ಬೇಕಾದ್ದು ಎತ್ತರದ ನಕ್ಷೆ. ಬ್ಲೆಂಡರ್ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತೆ. ಅದರಲ್ಲಿ ಮುಖವನ್ನು ಮೂರು ಆಯಾಮದಲ್ಲಿ ಮಾಡಿ, ಎತ್ತರದ ಚಿತ್ರ ತೆಗೆಯಿರಿ. ಮೂಗಿನ ತುದಿ ಎಲ್ಲಕ್ಕಿಂತ ಬೆಳ್ಳಗೆ ಬರುತ್ತೆ. ಅಚ್ಚಿಗೆ ಅದನ್ನು ಉಲ್ಟಾ ಮಾಡಿ, ಮೂಗು ಎಲ್ಲಕ್ಕಿಂತ ಕಪ್ಪಾಗಲಿ. ಎಡ ಬಲವನ್ನೂ ತಿರುಗಿಸಿ. ಇಲ್ಲದಿದ್ದರೆ ಕೆಳಗಿನ ಹೆಸರನ್ನು ಕನ್ನಡಿ ಹಿಡಿದು ಓದಬೇಕಾಗುತ್ತೆ.

ಪ್ರಶ್ನೆ: ಕಾಯಿ ಅಳತೆಗಿಂತ ಚಿಕ್ಕದಾಗಿ ಬರುತ್ತದೆ. ಲೇಸರ್ ತಪ್ಪಾ? — ಶಿರಾದ ಓದುಗರು

ಲೇಸರ್ ತಪ್ಪಲ್ಲ. ತಣ್ಣಗಾಗುವಾಗ ಪ್ಲಾಸ್ಟಿಕ್ ಕುಗ್ಗುತ್ತೆ. ಪಿಪಿಗೆ ನೂರಕ್ಕೆ ಒಂದೂವರೆ ಅಂತ ಹಿಡಿಯಿರಿ, ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿಗೆ ನೂರಕ್ಕೆ ಅರ್ಧ. 20 ಮಿ.ಮೀ. ಕಾಯಿ ಬೇಕಾದರೆ ಪಿಪಿಗೆ 20.3 ಕೊರೆಯಿರಿ.

ಪ್ರಶ್ನೆ: ಮಗ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಹಿತ್ತಾಳೆ ಕೊರೆಯುತ್ತಾನೆ. ಮನೆಯೆಲ್ಲ ಲೋಹದ ವಾಸನೆ. ಮಷೀನಿಗೆ ಅಕ್ರಿಲಿಕ್ ಡಬ್ಬ ಮುಚ್ಚಿದ್ದೇನೆ, ಏನೂ ಆಗಲ್ಲ ಅನ್ನುತ್ತಾನೆ. ನನಗೆ ಭಯ. — ಕುಣಿಗಲ್‌ನ ತಾಯಿ

ಅಮ್ಮಾ, ನಿಮ್ಮ ಭಯ ಸರಿ ಇದೆ. ಈ ಪುಟ ಅವನ ಕೈಗೆ ಕೊಡಿ.

ತಮ್ಮಾ, ಫೈಬರ್ ಲೇಸರಿನ ಬೆಳಕು 1064 ನ್ಯಾನೋಮೀಟರಿನದು, ಕಣ್ಣಿಗೆ ಕಾಣಲ್ಲ. ಕಾಣದ ಮೇಲೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ನೇರವಾಗಿ ಒಳಗೆ ಹೋಗಿ ಕಣ್ಣಿನ ಹಿಂದಿನ ಪರದೆಯನ್ನೇ ಸುಡುತ್ತೆ. ಹಿತ್ತಾಳೆಯಿಂದ ಚಿಮ್ಮಿದ ಪ್ರತಿಫಲನವೂ ಸಾಕು. ಪಾರದರ್ಶಕ ಅಕ್ರಿಲಿಕ್, ಗಾಜು, ಎರಡರಲ್ಲೂ ಇದು ಹಾಯ್ದು ಬರುತ್ತೆ. ತಗಡಿನ ಡಬ್ಬ ಮಾಡಿಸು, ಬಾಗಿಲು ತೆಗೆದರೆ ಲೇಸರ್ ನಿಲ್ಲುವ ಸ್ವಿಚ್ ಇರಲಿ. ಕನ್ನಡಕದ ಮೇಲೆ 1064 ಮತ್ತು ಓಡಿ 6 (OD, ಬೆಳಕನ್ನು ಎಷ್ಟು ತಡೆಯುತ್ತೆ ಅನ್ನುವ ಅಳತೆ) ಅಂತ ಅಚ್ಚಾಗಿರಬೇಕು. ವೆಲ್ಡಿಂಗ್ ಕನ್ನಡಕ ಇದಕ್ಕಲ್ಲ.

ಹೊಗೆಯ ಮಾತು. ಹಿತ್ತಾಳೆಯಲ್ಲಿ ಸತುವಿದೆ. ಆ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ. ಎರಕದವರಿಗೆ ಈ ಜ್ವರದ ಪರಿಚಯವಿದೆ. ಹೊಗೆ ಎಳೆಯುವ ಫ್ಯಾನ್ ಕೆಟ್ಟಿದ್ದ ದಿನ ಹಟ ಹಿಡಿದು ಕೆಲಸ ಮಾಡಿ ನಾನೂ ಎರಡು ಕಂಬಳಿ ಹೊದ್ದಿದ್ದೇನೆ. ಸುಲಭವಾಗಿ ಕಟಿಂಗ್ ಆಗುವ ಹಿತ್ತಾಳೆಯಲ್ಲಿ ನೂರಕ್ಕೆ ಮೂರರಷ್ಟು ಸೀಸವೂ ಇರುತ್ತೆ. ಹೊಗೆಯನ್ನು ಪೈಪಿನಲ್ಲಿ ಮನೆಯಿಂದ ಹೊರಗೆ ಎಳೆ. ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಕೈ ತೊಳೆಯದೆ ಊಟಕ್ಕೆ ಕೂರಬೇಡ. ಮೊದಲು ಮೆಷಿನ್ನನ್ನು ಅಡುಗೆಮನೆ ಪಕ್ಕದಿಂದ ಎತ್ತು.

ಪ್ರಶ್ನೆ: ಹನಿ ನೀರಾವರಿ (ಡ್ರಿಪ್) ಸಾಮಾನಿನ ಅಂಗಡಿ ಇದೆ. ಹಳೆಯ ಪಿವಿಸಿ ಪೈಪು ರಾಶಿ ಬಿದ್ದಿದೆ. ಕರಗಿಸಿ ಎಂಡ್ ಕ್ಯಾಪ್ (ಪೈಪಿನ ತುದಿ ಮುಚ್ಚುವ ಟೋಪಿ) ಮಾಡಲಾ? — ಕೋಲಾರದ ಓದುಗರು

ಖಂಡಿತ ಬೇಡ. ಪಿವಿಸಿ ಜಾಸ್ತಿ ಕಾದರೆ ಹೈಡ್ರೋಕ್ಲೋರಿಕ್ ಆಮ್ಲದ ಗಾಳಿ ಬಿಡುತ್ತೆ. ನಿಮ್ಮ ಎದೆಯೂ ಹಾಳು, ಅಚ್ಚೂ ಹಾಳು. ಡಬ್ಬದ ತಳದಲ್ಲಿ ತ್ರಿಕೋನದೊಳಗೆ 5 ಇದ್ದರೆ ಪಿಪಿ, 2 ಇದ್ದರೆ ಇನ್ನೊಂದು ಬಗೆಯ ಪ್ಲಾಸ್ಟಿಕ್, ಎಚ್‌ಡಿಪಿಇ. ತೊಳೆದು, ಒಣಗಿಸಿ, ಕತ್ತರಿಸಿ ಕಲಿಯಲು ಬಳಸಿ. ಆದರೆ ಎಂಡ್ ಕ್ಯಾಪ್ ಅನ್ನು ಅಂಗಡಿಗೆ ಕೊಂಡೇ ತರಿಸಿ. ಚಿತ್ರವಿಲ್ಲದ ವಸ್ತುವಿಗೆ ಲೇಸರ್ ಅಚ್ಚು ದಂಡ.

ಪ್ರಶ್ನೆ: ಲಗ್ನಪತ್ರಿಕೆ, ಅಕ್ರಿಲಿಕ್ ಕತ್ತರಿಸುವ ಸಿಒ2 ಲೇಸರ್ ನನ್ನದು. ಅದರಲ್ಲಿ ಆಗುತ್ತಾ? — ಶಿಡ್ಲಘಟ್ಟದ ಓದುಗರು

ಆಗಲ್ಲ. ಅದರ ಬೆಳಕು ಹಿತ್ತಾಳೆಗೆ ಬಿದ್ದರೆ ಬಹುಪಾಲು ಹಾಗೇ ವಾಪಸ್ ಬರುತ್ತೆ.

ಪ್ರಶ್ನೆ: ಅಜ್ಜಿ ಕಾಲದ ಸಕ್ಕರೆ ಅಚ್ಚಿನ ಮರ ಸೀಳಿದೆ. ಅದೇ ಗಿಣಿಯನ್ನು ಹಿತ್ತಾಳೆಯಲ್ಲಿ ಲೇಸರಿನಿಂದ ಕೊರೆಸಿ ಪಾಕ ಹುಯ್ಯಬಹುದೇ? — ತಿಪಟೂರಿನ ಗೃಹಿಣಿ

ಹಿತ್ತಾಳೆ ಬೇಡ ತಾಯಿ, ಮೇಲೆ ಹೇಳಿದ ಸೀಸದ ಕಾರಣಕ್ಕೆ. ಮಕ್ಕಳು ಚೀಪುವ ವಸ್ತು. ಗಿಣಿಯನ್ನು ಅಲ್ಯೂಮಿನಿಯಂನಲ್ಲಿ ಉಬ್ಬಿದ ಹಾಗೆ ಕೊರೆಸಿ, ಅಂದರೆ ಚಿತ್ರ ಉಲ್ಟಾ ಮಾಡುವುದು ಬೇಡ. ಅದರ ಮೇಲೆ ಫುಡ್ ಗ್ರೇಡ್ ಸಿಲಿಕೋನ್ ಹುಯ್ದರೆ ಪುಕ್ಕದ ಗೆರೆಯೂ ಬಿಡದೆ ಅಚ್ಚಾಗುತ್ತೆ. ಗಿಣಿ ಒಂದೇ ಮಗ್ಗುಲು ಬರುತ್ತೆ, ಬೆನ್ನು ಚಪ್ಪಟೆ. ಎರಡೂ ಮಗ್ಗುಲು ಬೇಕೆಂದರೆ ಆ ಹಳೆಯ ಮರವನ್ನೇ ಬಡಗಿಗೆ ತೋರಿಸಿ. ಸೀಳು ಚಿತ್ರಕ್ಕೆ ತಾಗದಿದ್ದರೆ ಹೊರಗಿನಿಂದ ಬಿಗಿಯಾಗಿ ದಾರ ಸುತ್ತಿದರೂ ನಡೆಯುತ್ತೆ. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ. ಮರ ಉಬ್ಬಿ ಸೀಳು ತಾನೇ ಮುಚ್ಚಿಕೊಳ್ಳಬಹುದು.