ಬೋರ್ಡ್ ಮುಚ್ಚುವ ಮೊದಲೇ ಅಳತೆಗೆ ಸಹಿ ಹಾಕಿಸಿ

ಪ್ರಶ್ನೆ: ಒಂಬತ್ತು ವರ್ಷದಿಂದ ಜಿಪ್ಸಂ ಫಾಲ್ಸ್ ಸೀಲಿಂಗ್, ಪಾರ್ಟಿಷನ್ ಕೆಲಸ ಮಾಡಿಸುತ್ತಿದ್ದೇನೆ. ಮೈಸೂರು, ಬೆಂಗಳೂರು ಎರಡೂ ಕಡೆ ಸೈಟ್ ಇವೆ. ಹನ್ನೆರಡು ಹುಡುಗರಿದ್ದಾರೆ, ಹೆಚ್ಚಿನವರು ಬಿಹಾರದವರು. ಬಿಲ್ ಕೊಟ್ಟು ನಾಲ್ಕು ತಿಂಗಳಾದರೂ ಇಂಟೀರಿಯರ್ ಕಂಪನಿಗಳು ದುಡ್ಡು ಕೊಡಲ್ಲ. ಇತ್ತ ಹುಡುಗರು ಹಬ್ಬಕ್ಕೆ ಊರಿಗೆ ಹೋದರೆ ಅರ್ಧ ಜನ ವಾಪಸ್ ಬರಲ್ಲ. ದಿನಕ್ಕೆ ₹50 ಜಾಸ್ತಿ ಕೊಡುವ ಕಡೆ ಹೋಗಿಬಿಡುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ₹50ಕ್ಕೆ ಯಾರೂ ಬಿಟ್ಟು ಹೋಗಲ್ಲ ಸ್ವಾಮಿ. ಶನಿವಾರ ಲೆಕ್ಕ ಚುಕ್ತಾ ಆಗಲ್ಲ ಅಂತ ಗೊತ್ತಾದಾಗ ಹೋಗುತ್ತಾರೆ. ಊರಿಗೆ ಹೊರಟವನ ಬಾಕಿ ಹಿಡಿದುಕೊಂಡು 'ವಾಪಸ್ ಬಾ, ಕೊಡ್ತೀನಿ' ಅಂತ ನಾನೂ ಹೇಳುತ್ತಿದ್ದೆ. ಒಬ್ಬ ಆ ದುಡ್ಡಿನ ಆಸೆಯನ್ನೇ ಬಿಟ್ಟ. ಜೊತೆಗೆ, ನನ್ನ ಹತ್ತಿರ ಹೋಗಬೇಡಿ ಅಂತ ಊರಿನ ಬೇರೆ ಹುಡುಗರಿಗೂ ಹೇಳಿದ. ಅಂದರೆ ನಿಮ್ಮ ಎರಡು ತೊಂದರೆಗೂ ಬೇರು ಒಂದೇ, ಸಮಯಕ್ಕೆ ಬರದ ಬಿಲ್ಲಿನ ದುಡ್ಡು.

ಒಂದು ಲೆಕ್ಕ ನೋಡಿ. 4,000 ಚದರಡಿ, ಅಡಿಗೆ ₹75 ಅಂದರೆ ₹3 ಲಕ್ಷ. ನಿಮ್ಮದು ಸ್ವಂತ ಹೆಸರಿನ ವ್ಯವಹಾರವಾದರೆ ಟಿಡಿಎಸ್ (ಕಂಪನಿ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) 1%, ₹3,000 ಹೋಯಿತು. ರಿಟೆನ್ಷನ್, ಅಂದರೆ ಕೆಲಸ ಕೆಟ್ಟರೆ ಇರಲಿ ಅಂತ ಹಿಡಿದಿಟ್ಟುಕೊಳ್ಳುವ ದುಡ್ಡು, 5% ಹಿಡಿದರೆ ₹15,000. ಜಿಎಸ್‌ಟಿ 18%, ಅಂದರೆ ₹54,000. ಸಾಮಾನಿನ ಮೇಲೆ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಕಂಪನಿ ದುಡ್ಡು ಕೊಟ್ಟಿರಲಿ, ಬಿಡಲಿ. ಹುಡುಗರ ಕೂಲಿ ಖಾಲಿಯಾಗುವುದು ಇಲ್ಲೇ. ಹಾಗಂತ ಇನ್‌ವಾಯ್ಸ್ ಎಳೆದಾಡುವ ಹಾಗೂ ಇಲ್ಲ. ಸಾಮಾನ್ಯವಾಗಿ ಕೆಲಸ ಮುಗಿದ 30 ದಿನದೊಳಗೆ ಹಾಕಲೇಬೇಕು. ಆದ್ದರಿಂದ ಅಳತೆ ಬೇಗ ಒಪ್ಪಿಗೆಯಾಗಬೇಕು.

ಅಳತೆ ತಗಾದೆ ಬರುವುದು ಬೋರ್ಡ್ ಮುಚ್ಚಿದ ಮೇಲೆ, ಅಲ್ವಾ? ಕೋವ್‌ನ (ಲೈಟ್ ಮರೆಮಾಡುವ ಅಂಚಿನ) ಇಳಿ ಪಟ್ಟಿ ಚದರಡಿಗೆ ಸೇರುತ್ತಾ, ಇಲ್ಲ ಬರೀ ಉದ್ದ ಅಳೆಯುವ ರನ್ನಿಂಗ್ ಫುಟ್ಟಾ? ಲೈಟಿನ ತೂತು ಕಳೆಯಬೇಕಾ? ಇದನ್ನೆಲ್ಲ ವರ್ಕ್ ಆರ್ಡರ್‌ನಲ್ಲೇ ಬರೆಸಿ. ಫ್ರೇಮ್ ಮುಗಿದ ದಿನ ಅವರ ಸೈಟ್ ಎಂಜಿನಿಯರ್ ಜೊತೆ ಟೇಪ್ ಹಿಡಿದು ಅಳೆಯಿರಿ. ಹಾಳೆಗೆ ಸಹಿ ಹಾಕಿಸಿ, ಮೇಲೆ ನೋಡಿಕೊಂಡು ಹತ್ತು ಫೋಟೊ ತೆಗೆಯಿರಿ. ಫ್ರೇಮ್‌ಗೆ ಅರ್ಧ, ಬೋರ್ಡಿಗೆ ಕಾಲು, ಬೋರ್ಡುಗಳ ನಡುವಿನ ಜಾಯಿಂಟ್ ಮುಗಿದ ಮೇಲೆ ಉಳಿದದ್ದು ಅಂತ ಕಂತು ಕಟ್ಟಿ. ಮೊದಲ ಕಂತು ಬರದೆ ಬೋರ್ಡ್ ಏರಿಸಬೇಡಿ. ಸೀಲಿಂಗ್ ತೆರೆದಿರುವಷ್ಟು ದಿನ ಪೇಂಟರ್ ಒಳಗೆ ಬರುವ ಹಾಗಿಲ್ಲ. ನಿಮ್ಮ ಕೈಯಲ್ಲಿರುವ ಬಿಗಿ ಅದೊಂದೇ.

ಫೋಟೊ ಯಾಕೆ ಅಂದೆ ಗೊತ್ತಾ? ಬೆಂಗಳೂರಿನ ಒಂದು ಆಫೀಸಿನಲ್ಲಿ ಹ್ಯಾಂಡೋವರ್ ಆದ ಎರಡು ತಿಂಗಳಿಗೆ ಉದ್ದಕ್ಕೆ ಬಿರುಕು ಬಂತು. ರಿಟೆನ್ಷನ್ ಕೊಡಲ್ಲ ಅಂದರು. ಟ್ರ್ಯಾಪ್ ಡೋರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಎಸಿಯವರು ಡಕ್ಟ್‌ಗೆ ಜಾಗ ಸಾಲದೆ ಎರಡು ಸೀಲಿಂಗ್ ಸೆಕ್ಷನ್ (ಬೋರ್ಡ್ ಹಿಡಿದಿಡುವ ಲೋಹದ ಪಟ್ಟಿ) ಕತ್ತರಿಸಿದ್ದರು. ತುಂಡುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಮೊದಲು ಸರಿಯಿತ್ತು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ.

ಆದರೆ ಎಲ್ಲ ಬಿರುಕೂ ಎಸಿಯವನದ್ದಲ್ಲ. 18 ಇಂಚಿಗೆ ಹಾಕಬೇಕಾದ ಸೆಕ್ಷನ್ 24ಕ್ಕೆ ಹೋಗಿರುತ್ತದೆ. 9 ಇಂಚಿಗೊಂದು ಬರಬೇಕಾದ ಸ್ಕ್ರೂ ಅಡಿಗೊಂದು ಬಿದ್ದಿರುತ್ತದೆ. ಜಾಯಿಂಟ್‌ಗೆ ಅಂಟಿಸುವ ಟೇಪ್ ಇಲ್ಲದೆ ಬರೀ ಪುಟ್ಟಿ ಬಳಿದಿರುತ್ತಾರೆ. ಎಲ್ಲವನ್ನೂ ಚದರಡಿ ಲೆಕ್ಕದಲ್ಲಿ ಹುಡುಗರಿಗೆ ಬಿಟ್ಟರೆ ಹೀಗಾಗದೆ ಇನ್ನೇನು? ಫ್ರೇಮ್, ಬೋರ್ಡ್ ಬೇಕಾದರೆ ಚದರಡಿಗೆ ಕೊಡಿ. ಜಾಯಿಂಟ್ ಕೆಲಸ ಮಾತ್ರ ದಿನಗೂಲಿಗೇ ಇರಲಿ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಆಧಾರ್, ಪ್ಯಾನ್ ಇದ್ದರೆ ಆಯಿತು, ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಲಿಖಿತ ಕರಾರು ಇದ್ದರೂ 45 ದಿನ ಮೀರಿ ದುಡ್ಡು ಹಿಡಿಯುವ ಹಾಗಿಲ್ಲ, ಕರಾರು ಇಲ್ಲದಿದ್ದರೆ 15 ದಿನವೇ. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಚುರುಕು ಸೇರಿದೆ. ಗಡುವು ಮೀರಿದರೆ, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಅವರು ಅದನ್ನು ಆದಾಯ ತೆರಿಗೆಗೆ ಖರ್ಚು ಅಂತ ತೋರಿಸಬಹುದು. ಮಾರ್ಚ್ ಮೊದಲ ವಾರ ಅವರ ಅಕೌಂಟ್ಸ್ ವಿಭಾಗಕ್ಕೆ ಉದ್ಯಮ್ ಸರ್ಟಿಫಿಕೇಟ್ ಮೇಲ್ ಮಾಡಿ, ಫೋನು ತಾನಾಗೇ ಬರುತ್ತದೆ. ಒಂದು ಎಚ್ಚರಿಕೆ. ಸಾಮಾನು, ಕೂಲಿ ಸೇರಿದ ವರ್ಕ್ಸ್ ಕಾಂಟ್ರಾಕ್ಟ್ ಈ ಕಾನೂನಿಗೆ ಬರುತ್ತಾ ಅನ್ನುವ ವಾದ ಕೋರ್ಟುಗಳಲ್ಲಿ ನಡೆದಿದೆ. ದೂರು ಕೊಡುವ ಮುಂಚೆ ವಕೀಲರಿಗೆ ಆರ್ಡರ್ ತೋರಿಸಿ.

ಹುಡುಗರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಿಸಿ. 18ರಿಂದ 60 ವಯಸ್ಸು, ವರ್ಷದಲ್ಲಿ 90 ದಿನದ ಕೆಲಸ ಇದ್ದರೆ ಸಾಕು. ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಇನ್ಶೂರೆನ್ಸ್ ಬೇರೆಯಾಗಿ ಮಾಡಿಸಿ.

ಇನ್ನು ಹಬ್ಬ. ಬಿಹಾರದವರ ದೊಡ್ಡ ಹಬ್ಬ ಛಠ್ ಪೂಜೆ ದೀಪಾವಳಿ ಆದ ಆರನೇ ದಿನ. ಅವರು ಹೋಗೇ ಹೋಗುತ್ತಾರೆ, ತಡೆಯಬೇಡಿ. ರೈಲ್ವೆ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅಷ್ಟರಲ್ಲಿ ಯಾರು ಹೋಗುತ್ತಾರೆ ಕೇಳಿಕೊಂಡು ಆ ಎರಡು ವಾರಕ್ಕೆ ದೊಡ್ಡ ಸೈಟ್ ಒಪ್ಪಿಕೊಳ್ಳಬೇಡಿ. ನಾನು ಬಾಕಿಯನ್ನೆಲ್ಲ ಕೊಟ್ಟು ಕಳಿಸುತ್ತೇನೆ. ಬಿಹಾರದ ದಾನಾಪುರದಿಂದ ಬೆಂಗಳೂರಿಗೆ ವಾಪಸ್ ಬರುವ ಸಂಘಮಿತ್ರ ಎಕ್ಸ್‌ಪ್ರೆಸ್ ಟಿಕೆಟ್ ಮಾತ್ರ ನಾನೇ ತೆಗೆಸಿಕೊಡುತ್ತೇನೆ. ಹೋದ ವರ್ಷ ಒಂಬತ್ತು ಜನ ಹೋದರು, ಏಳು ಜನ ಬಂದರು. ಅದರಲ್ಲೊಬ್ಬ ತಮ್ಮನನ್ನೂ ಕರೆದುಕೊಂಡು ಬಂದ.