ಕೀಲಿಕೈ ಕೊಟ್ಟು ಬಂದರೂ ಸಾಲ ಬೆನ್ನು ಬಿಡುವುದಿಲ್ಲ

ಮಾಸ್ತರರೇ,

ಹೆಸರು ಹಾಕಬೇಡಿ ಅಂತ ಬರೆದಿದ್ದೀರಿ, ಹಾಕುವುದಿಲ್ಲ. ಇದೇ ಕಷ್ಟದಲ್ಲಿ ಬೇರೆ ಓದುಗರೂ ಇರಬಹುದು. ಹಾಗಾಗಿ ನಿಮ್ಮ ಪತ್ರದಲ್ಲಿರುವುದನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ.

2021ರ ಜೂನ್‌ನಲ್ಲಿ ಕಲಬುರಗಿಯ ಸೇಡಂ ರಸ್ತೆ ಕಡೆಯ ಹೊಸ ಬಡಾವಣೆಯಲ್ಲಿ 32 ಲಕ್ಷಕ್ಕೆ ಮನೆ ತಗೊಂಡಿರಿ. ವಿಮಾನ ನಿಲ್ದಾಣ ಇದೇ ದಾರಿಯಲ್ಲಿದೆ, ರೇಟು ಏರುತ್ತಲೇ ಇರುತ್ತದೆ ಅಂತ ದಲ್ಲಾಳಿ ಹೇಳಿದ್ದರು. ಬ್ಯಾಂಕು 28 ಲಕ್ಷ ಕೊಟ್ಟಿತು, 20 ವರ್ಷಕ್ಕೆ, 6.75 ಬಡ್ಡಿಯಲ್ಲಿ. ಎರಡೇ ಮಳೆಗಾಲಕ್ಕೆ ಗೋಡೆ ಬಿರುಕು ಬಿಟ್ಟಿತು. ಈಗ ಯಾದಗಿರಿಗೆ ವರ್ಗ ಆಗಿದೆ. ಮಾರೋಣ ಅಂದರೆ 24 ಲಕ್ಷದ ಮೇಲೆ ಯಾರೂ ಕೇಳುತ್ತಿಲ್ಲ, ಬ್ಯಾಂಕಿನ ಬಾಕಿ 26 ಲಕ್ಷ 70 ಸಾವಿರ. ನಿಮ್ಮ ತಮ್ಮನ ಗೆಳೆಯರೊಬ್ಬರು ಅಮೆರಿಕದಲ್ಲಿ ಕೀಲಿಕೈ ಬ್ಯಾಂಕಿಗೆ ಕೊಟ್ಟು ಹೊರಟುಹೋದರಂತೆ. 'ನಾನೂ ಹಾಗೇ ಮಾಡಲಾ?' ಅಂತ ಕೇಳಿದ್ದೀರಿ.

ಬೇಡ. ದಯವಿಟ್ಟು ಬೇಡ.

ಅಮೆರಿಕದಲ್ಲಿ ಹಾಗೆ ನಡೆದದ್ದು ನಿಜ. 2006ರ ನಂತರ ಅಲ್ಲಿ ಮನೆಗಳ ಬೆಲೆ ಕುಸಿಯಿತು. 2009ರ ಕೊನೆಯ ಹೊತ್ತಿಗೆ ಮನೆಸಾಲ ಇದ್ದವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಮನೆಯ ಬೆಲೆಗಿಂತ ಸಾಲವೇ ಜಾಸ್ತಿ ಇತ್ತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನಿನಲ್ಲಿ, ವಾಸದ ಮನೆ ಕೊಳ್ಳಲು ತೆಗೆದ ಸಾಲಕ್ಕೆ ಆ ಮನೆಯೇ ಹೊಣೆ. ಮನೆ ಬಿಟ್ಟುಕೊಟ್ಟರೆ ಉಳಿದ ಬಾಕಿಗೆ ಬ್ಯಾಂಕು ಸಾಲಗಾರನ ಹಿಂದೆ ಬೀಳುವ ಹಾಗಿಲ್ಲ. ಅಲ್ಲೂ ಎಲ್ಲ ರಾಜ್ಯಗಳಲ್ಲಿ ಈ ಅನುಕೂಲ ಇಲ್ಲ.

ನಮ್ಮಲ್ಲಂತೂ ಇಲ್ಲವೇ ಇಲ್ಲ. ನಮ್ಮ ಸಾಲಕ್ಕೆ ಮನೆಯೂ ಹೊಣೆ, ಸಹಿ ಹಾಕಿದ ಮನುಷ್ಯನೂ ಹೊಣೆ. ಕಂತು ನಿಂತು 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ (ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ಮಾರಿ ಸಾಲ ವಸೂಲು ಮಾಡಲು ಬಿಡುವ ಕಾನೂನು) 60 ದಿನದ ನೋಟಿಸು ಬರುತ್ತದೆ. ಅದಾದ ಮೇಲೆ ಸ್ವಾಧೀನ, ಹರಾಜು. ಹರಾಜಿನಲ್ಲಿ ಬಿರುಕು ಬಿಟ್ಟ ಮನೆಗೆ 24 ಲಕ್ಷವೂ ಬರುವುದು ಕಷ್ಟ. 20 ಲಕ್ಷಕ್ಕೆ ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದ ಆರು ಏಳು ಲಕ್ಷ, ಅದರ ಮೇಲಿನ ಬಡ್ಡಿ, ಹರಾಜಿನ ಖರ್ಚು ಎಲ್ಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ಮನೆಯೂ ಹೋಯಿತು, ಸಾಲವೂ ಉಳಿಯಿತು.

ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ನಿಮ್ಮ ಭಾವನವರು ಜಾಮೀನು ಹಾಕಿದ್ದಾರೆ ಅಂತ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಆ ಸಾಲು ಓದಿ. ಜಾಮೀನುದಾರರ ಹೊಣೆ ನಿಮ್ಮಷ್ಟೇ. ನೀವು ಕಟ್ಟದಿದ್ದರೆ ಬ್ಯಾಂಕು ಸೀದಾ ಅವರ ಮನೆ ಬಾಗಿಲಿಗೆ ಹೋಗಬಹುದು.

ಇಷ್ಟು ವರ್ಷ ಒಂದು ಕಂತೂ ತಪ್ಪಿಸಿಲ್ಲ, ಆದರೂ ಸಾಲ ಯಾಕೆ ಇಳಿದಿಲ್ಲ ಅಂತ ನೊಂದುಕೊಂಡು ಕೇಳಿದ್ದೀರಿ. ನೀವು ಕಳಿಸಿದ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದೆ. ನಿಮ್ಮ ಕಂತು ಸುಮಾರು 21,290 ರೂಪಾಯಿ. ನಿಮ್ಮ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ ಜೋಡಿಸಿದ್ದು. ನೀವು ಸಾಲ ತೆಗೆದಾಗ ಅದು 4 ಇತ್ತು. 2022ರ ಮೇ ತಿಂಗಳಿಂದ ಏರುತ್ತಾ ಹೋಗಿ 2023ರ ಫೆಬ್ರವರಿಗೆ 6.5 ಆಯಿತು. ನಿಮ್ಮ ಬಡ್ಡಿಯೂ 9.25ಕ್ಕೆ ಹೋಯಿತು. ಬ್ಯಾಂಕು ಕಂತು ಏರಿಸಲಿಲ್ಲ, ಸುಮ್ನೆ ಅವಧಿ ಉದ್ದ ಮಾಡಿತು. ಆ ದಿನಗಳಲ್ಲಿ ನೀವು ಕಟ್ಟಿದ 21,290ರಲ್ಲಿ ಬಡ್ಡಿಗೇ 20,850 ಹೋಗುತ್ತಿತ್ತು. ಅಸಲಿಗೆ ಮುಟ್ಟಿದ್ದು ಬರೀ 440. ಎರಡು ವರ್ಷ ಇದೇ ಕಥೆ. ಹೀಗೆ 11 ಲಕ್ಷಕ್ಕೂ ಜಾಸ್ತಿ ಕಟ್ಟಿದ್ದೀರಿ, ಅಸಲು ಇಳಿದಿದ್ದು 1 ಲಕ್ಷ 30 ಸಾವಿರ. ಒಬ್ಬ ಶಾಲಾ ಮಾಸ್ತರರಿಗೆ ಇದನ್ನು ಎದುರಿಗೆ ಕೂರಿಸಿ ಯಾರೂ ಹೇಳಲಿಲ್ಲವಲ್ಲ ಅಂತ ನನಗೆ ಸಿಟ್ಟು ಬಂತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ: ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ ಅಂತ ಸಾಲಗಾರನನ್ನು ಕೇಳಬೇಕು.

ಈಗ ಗಾಳಿ ನಿಮ್ಮ ಕಡೆ ತಿರುಗಿದೆ. 2025ರಲ್ಲಿ ರೆಪೊ 5.25ಕ್ಕೆ ಇಳಿಯಿತು. ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡುವ ಯೋಚನೆ ಮಾತ್ರ ಬಿಡಿ. 30 ಲಕ್ಷದೊಳಗಿನ ಸಾಲಕ್ಕೆ ಮನೆ ಬೆಲೆಯ 90 ಭಾಗದವರೆಗೆ ಮಾತ್ರ ಕೊಡಬಹುದು. 24 ಲಕ್ಷದ ಮನೆಗೆ ಅದು 21 ಲಕ್ಷ 60 ಸಾವಿರ ಆಗುತ್ತದೆ, ನಿಮ್ಮ ಬಾಕಿಗೆ ಸಾಲದು. ಅಮೆರಿಕದಲ್ಲಿ ಇಂಥವರಿಗಾಗಿಯೇ 2009ರಲ್ಲಿ ಸರ್ಕಾರ ಹಾರ್ಪ್ ಅನ್ನುವ ಯೋಜನೆ ತಂದಿತ್ತು. ಬೆಲೆ ಬಿದ್ದಿದ್ದರೂ ಕಡಿಮೆ ಬಡ್ಡಿಗೆ ಸಾಲ ಬದಲಿಸಿಕೊಳ್ಳಲು ದಾರಿ ಮಾಡಿಕೊಟ್ಟಿತ್ತು. ನಮ್ಮಲ್ಲಿ ನಿಮ್ಮ ಬ್ಯಾಂಕಿನವರ ಜೊತೆಯೇ ಮಾತಾಡಬೇಕು. ರೆಪೊ ಮೇಲೆ ನಿಮಗೆ ಎಷ್ಟು ಸೇರಿಸಿದ್ದಾರೆ, ಹೊಸ ಗಿರಾಕಿಗೆ ಎಷ್ಟು ಸೇರಿಸುತ್ತಾರೆ ಅಂತ ಕೇಳಿ. ವ್ಯತ್ಯಾಸ ಇದ್ದರೆ ಅರ್ಜಿ ಕೊಟ್ಟು ದರ ಇಳಿಸಿಕೊಳ್ಳಿ.

ಬಡ್ಡಿ ಈಗಿನ 8ರಲ್ಲೇ ನಿಂತರೂ, ಈಗಿನ ಕಂತಿಗೆ ಸಾಲ ತೀರಲು ಇನ್ನೂ 22 ವರ್ಷದ ಮೇಲೆ ಬೇಕು. ತಿಂಗಳಿಗೆ 2,000 ಜಾಸ್ತಿ ಕಟ್ಟಿದರೆ ಸುಮಾರು ನಾಲ್ಕೂವರೆ ವರ್ಷ ಕಮ್ಮಿ ಆಗುತ್ತದೆ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಮೊದಲೇ ಕಟ್ಟಿದರೆ ದಂಡ ಇಲ್ಲ. ಡಿಎ ಬಾಕಿ ಬಂದಾಗ ಹತ್ತು ಸಾವಿರವಾದರೂ ಅಸಲಿಗೆ ಹಾಕಿ.

ಇನ್ನು ಗೋಡೆ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಪಾಯ ಆಳಕ್ಕೆ ಇಳಿಸದೆ ಕಟ್ಟಿದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಅಂತ ಬರೆದಿದ್ದೀರಲ್ಲ, ಇದರ ಗುರುತು ಅದೇ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಾ ಇದೆಯೋ, ನಿಂತಿದೆಯೋ ಗೊತ್ತಾಗುತ್ತದೆ. ಬಚ್ಚಲ ನೀರು, ಮಾಳಿಗೆ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಪೈಪು ಹಾಕಿಸಿ. ಮನೆ ಸುತ್ತ ಶಹಾಬಾದ್ ಕಲ್ಲು ಹಾಸಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡಿಸಿ. ಇದಕ್ಕೆ ಬಹಳ ದುಡ್ಡು ಬೇಡ. ಪಾಯ ಗಟ್ಟಿ ಮಾಡುವುದಿದ್ದರೆ ಮಾತ್ರ ಬರೀ ಮೇಸ್ತ್ರಿ ಮಾತು ನಂಬಬೇಡಿ, ಸಿವಿಲ್ ಎಂಜಿನಿಯರಿಗೆ ತೋರಿಸಿ. ನಮ್ಮೂರಲ್ಲೇ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಬಣ್ಣ ಬಳಿದು ಬಿರುಕು ಮುಚ್ಚಿ ಮಾರುವ ಯೋಚನೆ ಬೇಡ. ಕೊಳ್ಳುವವರೂ ನಿಮ್ಮ ಹಾಗೆ ಸಾಲ ಮಾಡಿಯೇ ಬರುವವರು.

ಮಾರಲೇಬೇಕು ಅಂದರೆ, ಈಗ 2 ಲಕ್ಷ 70 ಸಾವಿರ ಕೈಯಿಂದ ಹಾಕಿದರಷ್ಟೇ ಬ್ಯಾಂಕು ಕಾಗದಪತ್ರ ಬಿಡುತ್ತದೆ. ಅದಕ್ಕೆ ಖಾಸಗಿಯವರ ಹತ್ತಿರ ನೂರಕ್ಕೆ ಮೂರರ ಬಡ್ಡಿಗೆ ಹೋಗಬೇಡಿ. ಅದು ವರ್ಷಕ್ಕೆ 36 ಆಗುತ್ತದೆ. ಬದಲು ಮನೆ ಬಾಡಿಗೆಗೆ ಕೊಟ್ಟು ಯಾದಗಿರಿಯಲ್ಲಿ ಸಣ್ಣ ಮನೆ ಹಿಡಿಯಿರಿ. ಇಲ್ಲವೇ ಸ್ವಲ್ಪ ದಿನ ರೈಲಿನಲ್ಲೇ ಓಡಾಡಿ. ಕಂತು ಕಟ್ಟುವ ಶಕ್ತಿ ನಿಮಗಿದೆ, ಮನೆ ಬೆಲೆ ಇವತ್ತು ಎಷ್ಟೇ ಇರಲಿ, ಮಾರದಿದ್ದರೆ ಆ ನಷ್ಟ ಕೈಗೆ ಬರುವುದಿಲ್ಲ.

ನಿಮ್ಮ ಮನೆಯವರೂ ಸಾಲಕ್ಕೆ ಸಹಿ ಹಾಕಿದ್ದಾರೆ. ಬ್ಯಾಂಕಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ ತಗೊಳ್ಳಿ. ಖಾತೆ ನಂಬರು ಅಳಿಸಿ ಅದರ ಒಂದು ಪ್ರತಿ ನಮಗೂ ಕಳಿಸಿದರೆ, ಎಷ್ಟು ಕಟ್ಟಿದರೆ ಯಾವಾಗ ತೀರುತ್ತದೆ ಅಂತ ತಿಂಗಳುವಾರು ಪಟ್ಟಿ ಮಾಡಿ ಅಂಚೆಯಲ್ಲಿ ಕಳಿಸುತ್ತೇನೆ.

— ಸಂಪಾದಕ