ಎಕ್ಸ್‌ಪೋರ್ಟ್ ಫೈಲ್ ಹೆಸರಲ್ಲಿ ತಾರೀಖು

ಪ್ರಶ್ನೆ: ಸರ್, ಲಿನಕ್ಸ್ ಸರ್ವರಲ್ಲಿ ಕ್ರಾನ್ (ಹೇಳಿದ ಟೈಮಿಗೆ ಕಮಾಂಡ್ ತಾನಾಗೇ ಓಡಿಸೋ ಸೌಲಭ್ಯ) ಹಾಕಿ ದಿನಾ ರಾತ್ರಿ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡ್ತೀನಿ, ಆದ್ರೆ ಹೊಸ ಫೈಲ್ ಬಂದ ತಕ್ಷಣ ಹಳೇದು ಅಳಿಸಿಹೋಗುತ್ತೆ. ಹೆಸರಲ್ಲಿ ತಾರೀಖು ತಾನಾಗೇ ಬರೋ ಹಾಗೆ ಮಾಡೋದು ಹೇಗೆ?

ಉತ್ತರ: ಫೈಲ್ ಹೆಸರಿನ ಮಧ್ಯೆ ಡಾಲರ್ ಚಿಹ್ನೆ, ಅದರ ಪಕ್ಕ ದುಂಡು ಬ್ರಾಕೆಟ್ ಒಳಗೆ ಡೇಟ್ (date) ಕಮಾಂಡ್ ಬರೀರಿ, ಅದಕ್ಕೊಂದು ಸ್ಪೇಸ್ ಬಿಟ್ಟು ಪ್ಲಸ್, ಪರ್ಸೆಂಟ್, ಕ್ಯಾಪಿಟಲ್ ಎಫ್ ಹಾಕಿದ್ರೆ, ಅಂದ್ರೆ $(date +%F) ಅಂತ ಬರೆದ್ರೆ, 2025-03-09 ಥರ ಬರುತ್ತೆ. ವರ್ಷ ಮೊದಲಿರೋದ್ರಿಂದ ಫೈಲ್‌ಗಳು ತಾರೀಖಿನ ಪ್ರಕಾರವೇ ಸಾಲಾಗಿ ನಿಲ್ತವೆ. ಎಲ್ಲರೂ ಎಡವೋದು ಇಲ್ಲಿ ನೋಡಿ, ಕ್ರಾನ್‌ಟ್ಯಾಬಲ್ಲಿ, ಅಂದ್ರೆ ಕ್ರಾನ್ ಕೆಲಸಗಳನ್ನ ಬರೆದಿಡೋ ಫೈಲಲ್ಲಿ, ಪರ್ಸೆಂಟ್ ಅಂದ್ರೆ ಹೊಸ ಸಾಲು ಅಂತ ಲೆಕ್ಕ, ಕಮಾಂಡ್ ಅರ್ಧಕ್ಕೇ ಮುರಿದುಹೋಗುತ್ತೆ, ಹಾಗಾಗಿ ಅದರ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲಾಂದ್ರೆ ಇಡೀ ಕಮಾಂಡನ್ನ ಸ್ಕ್ರಿಪ್ಟ್ ಫೈಲಲ್ಲಿಟ್ಟು ಕ್ರಾನಿಂದ ಅದನ್ನ ರನ್ ಮಾಡಿಸಿ, ನನಗಂತೂ ಇದೇ ಇಷ್ಟ. ಟೈಮೂ ಸೇರಿಸೋದಾದ್ರೆ ಕೋಲನ್ ಬೇಡ, ವಿಂಡೋಸ್ ಅಂಥ ಹೆಸರು ಒಪ್ಪಲ್ಲ.